ನೌಕಾಪಡೆ ಮನೆಯ ಲೋಲಾ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಯಾನ್ ಡಿಯಾಗೋದ ದಕ್ಷಿಣಕ್ಕೆ ಅಂಟಿಕೊಂಡಿರುವ ನ್ಯಾಷನಲ್ ಸಿಟಿ ಎಂಬ ಸಣ್ಣ ಊರಿನಲ್ಲಿ ನಾವು ಮನೆ ಮಾಡಿ ಹನ್ನೊಂದು ವರ್ಷವಾಯಿತು. ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಫಿಲಿಪಿನೊ ಅಜ್ಜಿಯೊಬ್ಬರಿದ್ದಾರೆ. ಗಂಡ ಅಮೆರಿಕದ ನೌಕಾಪಡೆಯಲ್ಲಿದ್ದವರು, ಈಗ ಇಲ್ಲ. ಒಬ್ಬ ಮಗನೂ ಅದೇ ಪಡೆಯಲ್ಲಿ ದುಡಿದು ನಿವೃತ್ತನಾದ. ಈಗ ಮೊಮ್ಮಗಳ ಸರದಿ. ಊರಿನಿಂದ ನಮ್ಮ ಮನೆಗೆ ಬರುವವರೆಲ್ಲ ಎರಡು ದಿನದೊಳಗೆ ಈ ಅಜ್ಜಿಯ ಕೈರುಚಿ ನೋಡಿ, ಮೂರನೆಯ ದಿನದಿಂದ ಪ್ರಶ್ನೆ ಕೇಳಲು ಶುರು ಮಾಡುತ್ತಾರೆ. ಒಬ್ಬೊಬ್ಬರಿಗೂ ಮೊದಲಿನಿಂದ ಹೇಳಿ ನನಗೆ ಸಾಕಾಗಿದೆ. ಆದ್ದರಿಂದ ಈ ಬರಹ.

ಲೋಲಾ ಎನ್ನುವುದು ಅವರ ಹೆಸರೇ?

ಅಲ್ಲ. ತಗಾಲೋಗ್ ಭಾಷೆಯಲ್ಲಿ ಅಜ್ಜಿಗೆ ಲೋಲಾ, ಅಜ್ಜನಿಗೆ ಲೋಲೊ. ಅಕ್ಕನಿಗೆ ಆತೆ, ಅಣ್ಣನಿಗೆ ಕುಯಾ. ದೊಡ್ಡವರನ್ನು ಹೆಸರು ಹಿಡಿದು ಕರೆಯುವುದು ಅಲ್ಲಿಯೂ ಒರಟುತನವೇ. ಮಾತಿನ ನಡುವೆ ‘ಪೊ’ ಎಂದು ಸೇರಿಸಿದರೆ ಮರ್ಯಾದೆ ಕೊಟ್ಟಂತೆ, ಹೆಚ್ಚುಕಡಿಮೆ ನಮ್ಮ ‘ರೀ’ ಇದ್ದ ಹಾಗೆ. ಹಿರಿಯರು ಎದುರಾದಾಗ ಬಗ್ಗಿ ಅವರ ಕೈಯ ಹಿಂಬದಿಯನ್ನು ಹಣೆಗೆ ಒತ್ತಿಕೊಳ್ಳುತ್ತಾರೆ. ನನ್ನ ಮಗ ಮೂರು ವರ್ಷದವನಿದ್ದಾಗ ಇದನ್ನು ಕಲಿತುಬಿಟ್ಟ. ಮೈಸೂರಿನಿಂದ ಬಂದ ನಮ್ಮ ಅತ್ತೆಯ ಕಾಲಿಗೆ ಬೀಳುವ ಬದಲು ಅವರ ಕೈ ಎಳೆದು ಹಣೆಗೆ ಇಟ್ಟುಕೊಂಡ. ಅತ್ತೆ ಗಾಬರಿಯಿಂದ ‘ಮಗುವಿಗೆ ಜ್ವರವೇನೇ?’ ಎಂದರು.

ಫಿಲಿಪ್ಪೀನ್ಸ್ ಬೇರೆ ದೇಶ. ಅಲ್ಲಿನ ಹುಡುಗರು ಅಮೆರಿಕದ ನೌಕಾಪಡೆಗೆ ಸೇರಿದ್ದು ಹೇಗೆ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಉತ್ತರ ಸ್ವಲ್ಪ ಉದ್ದವಿದೆ.

ಫಿಲಿಪ್ಪೀನ್ಸ್ ಮೊದಲು ಸ್ಪೇನ್ ದೇಶದ ವಸಾಹತು. 1898ರಲ್ಲಿ ಸ್ಪೇನ್ ಅಮೆರಿಕದ ಎದುರು ಯುದ್ಧದಲ್ಲಿ ಸೋತಿತು. ಪ್ಯಾರಿಸ್ ಒಪ್ಪಂದದಲ್ಲಿ ಅಮೆರಿಕ 2 ಕೋಟಿ ಡಾಲರ್ ಕೊಟ್ಟು ಈ ದ್ವೀಪಗಳನ್ನು ತನ್ನದಾಗಿಸಿಕೊಂಡಿತು. 1901ರಲ್ಲಿ ಅಧ್ಯಕ್ಷ ಮೆಕಿನ್ಲಿ 500 ಫಿಲಿಪಿನೊ ಜನರನ್ನು ನೌಕಾಪಡೆಗೆ ಸೇರಿಸಿಕೊಳ್ಳಲು ಆದೇಶ ಹೊರಡಿಸಿದರು. ಬೇರು ಅಲ್ಲಿದೆ. 1946ರ ಜುಲೈ 4ರಂದು ದೇಶ ಸ್ವತಂತ್ರವಾಯಿತು, ಆದರೆ ಅಮೆರಿಕದ ನೆಲೆಗಳು ಅಲ್ಲಿಂದ ಕದಲಲಿಲ್ಲ. 1947ರ ಮಾರ್ಚ್‌ನಲ್ಲಿ ಆದ ಸೇನಾನೆಲೆಗಳ ಒಪ್ಪಂದದಲ್ಲಿ ಒಂದು ಸಣ್ಣ ಕಲಮು ಸೇರಿತ್ತು: ಫಿಲಿಪ್ಪೀನ್ಸ್‌ನ ಪ್ರಜೆಗಳನ್ನು ಅವರ ನೆಲದಲ್ಲಿಯೇ ಅಮೆರಿಕದ ಪಡೆಗಳಿಗೆ ಭರ್ತಿ ಮಾಡಿಕೊಳ್ಳಬಹುದು. ಬೇರೊಂದು ಸ್ವತಂತ್ರ ದೇಶದ ಪ್ರಜೆಯಾಗಿ ಉಳಿದುಕೊಂಡೇ ಅಮೆರಿಕದ ಸಮವಸ್ತ್ರ ತೊಡುವ ವಿಚಿತ್ರ ಬಾಗಿಲು ಹೀಗೆ ತೆರೆಯಿತು.

1952ರಿಂದ 1991ರವರೆಗೆ ಸುಮಾರು 35,000 ಜನ ಆ ಬಾಗಿಲಿನಿಂದ ಒಳಗೆ ಹೋದರು. ಮನಿಲಾ ಕೊಲ್ಲಿಯ ಕವೀಟೆ ಪ್ರಾಂತದ ಸ್ಯಾಂಗ್ಲಿ ಪಾಯಿಂಟ್ ನೆಲೆಯಲ್ಲಿ, 1971ರಲ್ಲಿ ಅದು ಫಿಲಿಪ್ಪೀನ್ಸ್ ಕೈಗೆ ಬಂದ ಮೇಲೆ ಸೂಬಿಕ್ ಕೊಲ್ಲಿಯಲ್ಲಿ ಭರ್ತಿ ನಡೆಯುತ್ತಿತ್ತು. 1970ರ ಹೊತ್ತಿಗೆ ಅಮೆರಿಕದ ನೌಕಾಪಡೆಯಲ್ಲಿದ್ದ ಫಿಲಿಪಿನೊ ಜನರ ಸಂಖ್ಯೆ ಸುಮಾರು 14,000. ಅವರ ಸ್ವಂತ ದೇಶದ ನೌಕಾಪಡೆಯಲ್ಲಿಯೂ ಅಷ್ಟು ಜನ ಇರಲಿಲ್ಲ!

ಹೋದವರು ಸಾಹಸಕ್ಕಾಗಿ ಹೋದವರಲ್ಲ, ಹೊಟ್ಟೆಪಾಡಿಗಾಗಿ ಹೋದವರು. ಲೋಲಾ ಹೇಳುವಂತೆ ಅವರ ಊರಿನಲ್ಲಿ ಹುಡುಗನಿಗೆ ಹೆಣ್ಣು ಕೊಡುವ ಮುಂಚೆ ಕೇಳುತ್ತಿದ್ದುದು ಒಂದೇ ಮಾತು: ‘ನೇವಿಯೇ?’

ಅಲ್ಲಿ ಅವರು ಮಾಡುತ್ತಿದ್ದ ಕೆಲಸವೇನು?

ಹೆಚ್ಚಿನವರನ್ನು ಸ್ಟೀವರ್ಡ್ ಎಂಬ ಒಂದೇ ಹುದ್ದೆಗೆ ಕಟ್ಟಿಹಾಕಿದ್ದರು. ಅಧಿಕಾರಿಗಳಿಗೆ ಅಡುಗೆ ಮಾಡುವುದು, ಬಡಿಸುವುದು, ಅವರ ಹಾಸಿಗೆ ಸರಿಪಡಿಸುವುದು, ಬಟ್ಟೆ ಒಗೆಯುವುದು, ಬೂಟಿಗೆ ಪಾಲಿಶ್ ಹಾಕುವುದು. ಕಾಲೇಜು ಓದಿದವರಿಗೂ ಇದೇ ಪಾಡು. ಶ್ವೇತಭವನದ ಭೋಜನಶಾಲೆಯಲ್ಲಿಯೂ ದಶಕಗಟ್ಟಲೆ ಫಿಲಿಪಿನೊ ಸ್ಟೀವರ್ಡ್‌ಗಳೇ ಬಡಿಸಿದರು. 1970ರ ದಶಕದ ಮೊದಲ ವರ್ಷಗಳಲ್ಲಿ ನಿಯಮ ಸಡಿಲಗೊಂಡು ಬೇರೆ ವಿಭಾಗಗಳ ದಾರಿ ತೆರೆಯಿತು.

ಲೋಲಾರ ಗಂಡ ಮನೆಯಲ್ಲಿ ಎಂದೂ ತಟ್ಟೆ ಎತ್ತುತ್ತಿರಲಿಲ್ಲವಂತೆ. ‘ಹಡಗಿನಲ್ಲಿ ಬೇರೆಯವರ ತಟ್ಟೆ ಎತ್ತಿ ಎತ್ತಿ ಸೋತವರು, ಮನೆಯಲ್ಲಾದರೂ ಕೂತು ಉಣ್ಣಲಿ ಎಂದು ಬಿಟ್ಟೆ’ ಎನ್ನುತ್ತಾರೆ. ಇದನ್ನು ತ್ಯಾಗ ಎಂದು ಹೊಗಳಬೇಕೋ, ಗಂಡನ ಅವಮಾನದ ಸಾಲವನ್ನು ಹೆಂಡತಿ ತೀರಿಸಿದಳು ಎನ್ನಬೇಕೋ, ನನಗೆ ಇನ್ನೂ ತೀರ್ಮಾನವಾಗಿಲ್ಲ.

ಇಂಥ ಮನೆಗಳ ಮೊದಲ ತಲೆಮಾರಿನ ಹೆಂಗಸರು ಬಂದದ್ದು ಯಾವಾಗ?

ಎರಡನೆಯ ಮಹಾಯುದ್ಧ ಮುಗಿದ ಮೇಲೆ. ಅದಕ್ಕೂ ಮುಂಚೆ ಅಮೆರಿಕದಲ್ಲಿದ್ದ ಫಿಲಿಪಿನೊ ಜನರಲ್ಲಿ ಗಂಡಸರೇ ತುಂಬಿದ್ದರು, ಹೆಚ್ಚಿನವರು ಹೊಲಗಳ ಕೂಲಿಗಳು. 1934ರ ಕಾನೂನು ಬಂದ ಮೇಲೆ ವರ್ಷಕ್ಕೆ ಐವತ್ತು ಜನರಿಗಿಂತ ಹೆಚ್ಚು ಬರುವಂತಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಬಿಳಿಯ ಹೆಣ್ಣನ್ನು ಮದುವೆಯಾಗುವುದೂ ಕಾನೂನುಬಾಹಿರವಾಗಿತ್ತು. 1942ರಲ್ಲಿ ಫಿಲಿಪಿನೊ ಜನರ ಪ್ರತ್ಯೇಕ ರೆಜಿಮೆಂಟ್ ಕಟ್ಟಿದಾಗ, ಬಿಳಿಯ ಗೆಳತಿಯರಿದ್ದ ಸೈನಿಕರು ಬಸ್ಸು ಮಾಡಿಕೊಂಡು ನ್ಯೂ ಮೆಕ್ಸಿಕೊ ರಾಜ್ಯದ ಗ್ಯಾಲಪ್ ಊರಿಗೆ ಹೋಗಿ ಮದುವೆಯಾಗಿ ಬಂದರು. ದೇಶಕ್ಕಾಗಿ ಸಾಯಬಹುದು, ಇದ್ದೂರಿನಲ್ಲಿ ತಾಳಿ ಕಟ್ಟುವಂತಿಲ್ಲ!

ಇದೇ ರೆಜಿಮೆಂಟು 1945ರಲ್ಲಿ ಫಿಲಿಪ್ಪೀನ್ಸ್‌ಗೆ ಹೋಗಿ ಯುದ್ಧ ಮಾಡಿತು. ಹತ್ತು ಹದಿನೈದು ವರ್ಷ ಒಂಟಿಯಾಗಿ ದುಡಿದಿದ್ದ ಗಂಡಸರು ಅಲ್ಲಿನ ಹುಡುಗಿಯರ ಕೈ ಹಿಡಿದರು. 1945ರ ಡಿಸೆಂಬರ್‌ನಲ್ಲಿ ಬಂದ ಕಾನೂನು ಸೈನಿಕರ ಪತ್ನಿಯರಿಗೆ ಬಾಗಿಲು ತೆರೆಯಿತು. ಮರುವರ್ಷದ ಇನ್ನೊಂದು ಕಾನೂನು ಫಿಲಿಪಿನೊ ಜನರಿಗೆ ಪೌರತ್ವ ಪಡೆಯುವ ಹಕ್ಕು ಕೊಟ್ಟಿತು, ಜೊತೆಗೆ ವರ್ಷಕ್ಕೆ ನೂರು ಜನರ ಮಿತಿಯನ್ನೂ ಇಟ್ಟಿತು. ದೊಡ್ಡ ಅಲೆ ಬಂದದ್ದು 1965ರ ವಲಸೆ ಕಾನೂನಿನ ನಂತರ. ನಮ್ಮ ಲೋಲಾ ಬಂದದ್ದು ಆ ಅಲೆಯಲ್ಲಿ, ಎರಡು ಮಕ್ಕಳನ್ನು ಎತ್ತಿಕೊಂಡು.

ಕೇಳಲು ಮುಜುಗರ. ನೆಲೆಗಳ ಸುತ್ತಲಿನ ಬಾರ್‌ಗಳಲ್ಲಿ ಪರಿಚಯವಾದವರಲ್ಲವೇ ಇವರು?

ಮುಜುಗರವಿದ್ದರೂ ಎಲ್ಲರೂ ಕೇಳುತ್ತಾರೆ, ದನಿ ತಗ್ಗಿಸಿ. ಸೂಬಿಕ್ ಪಕ್ಕದ ಒಲೊಂಗಾಪೊ ಊರಿನಲ್ಲಿಯೂ ಕ್ಲಾರ್ಕ್ ವಾಯುನೆಲೆಯ ಪಕ್ಕದ ಆಂಹೆಲೆಸ್ ಊರಿನಲ್ಲಿಯೂ ಬಾರುಗಳ ಸಾಲುಗಳಿದ್ದವು, ಬಡತನ ಹೆಣ್ಣುಮಕ್ಕಳನ್ನು ಅಲ್ಲಿಗೆ ತಳ್ಳಿತ್ತು. ಅಲ್ಲಿ ಭೇಟಿಯಾಗಿ, ಮದುವೆಯಾಗಿ, ಐವತ್ತು ವರ್ಷ ಸಂಸಾರ ಮಾಡಿದವರೂ ಇದ್ದಾರೆ. ಅವರ ಬಗ್ಗೆ ಮೂಗು ಮುರಿಯಲು ನಾವು ಯಾರು? ಆದರೆ ನೌಕಾಪಡೆಯ ಫಿಲಿಪಿನೊ ಗಂಡಸರನ್ನು ಮದುವೆಯಾದವರ ಕಥೆ ಬೇರೆ. ಅಲ್ಲಿ ಒಂದೇ ಊರು, ಪರಿಚಯದ ಮನೆತನ, ಚರ್ಚಿನಲ್ಲಿ ನಿಶ್ಚಯ. ಅಮೆರಿಕದವರ ಕಣ್ಣಿಗೆ ಮಾತ್ರ ಎರಡೂ ಒಂದೇ ಆಗಿ ಕಂಡಿತು. ಕ್ಯಾಂಟೀನಿನ ಸಾಲಿನಲ್ಲಿ ನಿಂತ ಲೋಲಾರನ್ನು ಬಿಳಿಯ ಹೆಂಗಸೊಬ್ಬಳು ‘ಯಾವ ಬಾರಿನವಳು?’ ಎಂದು ಕೇಳಿದ್ದಳಂತೆ. ಲೋಲಾ ಶಾಲೆಯಲ್ಲಿ ಮೂರು ವರ್ಷ ಗಣಿತ ಕಲಿಸಿದ್ದವರು.

ಕೊನೆಗೂ ದಡ ಸೇರದವರು ಆ ಊರುಗಳಲ್ಲಿ ಉಳಿದ ಮಕ್ಕಳು. ಏಷ್ಯಾದಲ್ಲಿ ಅಮೆರಿಕದ ಸೈನಿಕರಿಗೆ ಹುಟ್ಟಿದ ಮಕ್ಕಳಿಗೆ ವಲಸೆಯ ಅವಕಾಶ ಕೊಟ್ಟ 1982ರ ಕಾನೂನು ಕೊರಿಯಾ, ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾ, ಥಾಯ್ಲೆಂಡ್‌ಗಳನ್ನು ಹೆಸರಿಸಿತು. ಫಿಲಿಪ್ಪೀನ್ಸ್ ಆ ಪಟ್ಟಿಯಲ್ಲಿ ಇಲ್ಲ.

ಸೇನೆಯ ಕಾಗದಗಳಲ್ಲಿ ಆಕೆ ಏನೆಂದು ದಾಖಲಾಗಿದ್ದಾರೆ?

‘ಡಿಪೆಂಡೆಂಟ್’. ಅವಲಂಬಿತೆ. ಗಂಡನ ಹೆಸರು ‘ಸ್ಪಾನ್ಸರ್’. ಆಸ್ಪತ್ರೆಗೆ ಹೋದರೆ, ಕ್ಯಾಂಟೀನಿಗೆ ಹೋದರೆ, ನೆಲೆಯ ಗೇಟಿನಲ್ಲಿ ನಿಂತರೆ ತೋರಿಸಬೇಕಾದ ಗುರುತಿನ ಚೀಟಿಯಲ್ಲಿ ಹೀಗೇ ಇತ್ತು. ಕಿಟಕಿಯ ಆಚೆ ಕೂತವರು ಕೇಳುತ್ತಿದ್ದುದು ಅವರ ಸಂಖ್ಯೆಯನ್ನಲ್ಲ, ಗಂಡನ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು. ಲೋಲಾರಿಗೆ ತಮ್ಮ ಮೊಬೈಲ್ ಸಂಖ್ಯೆ ನೆನಪಿರುವುದಿಲ್ಲ, ಆ ನಾಲ್ಕು ಅಂಕಿ ಮಾತ್ರ ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತಾರೆ.

ಯಾರು ಯಾರನ್ನು ಅವಲಂಬಿಸಿದ್ದರು ಎಂಬುದಕ್ಕೆ ಮುಂದಿನ ಪ್ರಶ್ನೆಯ ಉತ್ತರ ನೋಡಿ.

ಗಂಡ ಆರೇಳು ತಿಂಗಳು ಹಡಗಿನಲ್ಲಿದ್ದರೆ ಮನೆ ನಡೆಸುತ್ತಿದ್ದವರು ಯಾರು?

ಲೋಲಾ ಎಲ್ಲ ಕಾಗದಪತ್ರಗಳನ್ನು ಡ್ಯಾನಿಷ್ ಬಿಸ್ಕತ್ತಿನ ನೀಲಿ ಡಬ್ಬಿಯಲ್ಲಿ ಇಟ್ಟಿದ್ದಾರೆ. (ಆ ಡಬ್ಬಿಯಲ್ಲಿ ಬಿಸ್ಕತ್ತು ಸಿಕ್ಕಿದವರು ಪ್ರಪಂಚದಲ್ಲಿ ಯಾರಾದರೂ ಇದ್ದರೆ ತಿಳಿಸಿ. ನಮ್ಮಮ್ಮನ ಡಬ್ಬಿಯಲ್ಲಿ ಸೂಜಿದಾರ.) ಒಮ್ಮೆ ಮಳೆ ಹಿಡಿದ ಮಧ್ಯಾಹ್ನ ಅದನ್ನು ತೆರೆದು ಒಂದೊಂದೇ ತೋರಿಸಿದರು.

ಮೇಲೆಯೇ ಇದ್ದದ್ದು ಮಡಿಚಿದ ಗೆರೆಗಳಲ್ಲಿ ಹರಿದುಹೋದ ಜಿಪಿಎ. ಹಡಗು ಹೊರಡುವ ಮುಂಚೆ ಗಂಡ ಹೆಂಡತಿಗೆ ಬರೆದುಕೊಡುವ ಅಧಿಕಾರಪತ್ರ. ಬ್ಯಾಂಕು, ಬಾಡಿಗೆ ಮನೆ, ಕಾರು, ತೆರಿಗೆ, ಎಲ್ಲಕ್ಕೂ ಅದು ಬೇಕು. ಅದರ ಕೆಳಗೆ ಅಲಾಟ್‌ಮೆಂಟಿನ ಚೀಟಿಗಳ ಕಟ್ಟು. ನಾವಿಕನ ಸಂಬಳದಲ್ಲಿ ಇಂತಿಷ್ಟು ನೇರವಾಗಿ ಮನೆಗೆ ಹೋಗಲಿ ಎಂದು ಪಾಲು ಮಾಡಿ ಕಳುಹಿಸುತ್ತಿದ್ದ ಹಣ ಅದು. ಅದರಲ್ಲಿ ಮೊದಲು ಬಾಡಿಗೆ, ಆಮೇಲೆ ಅಕ್ಕಿ, ಆಮೇಲೆ ಕವೀಟೆಯಲ್ಲಿದ್ದ ಅತ್ತೆಮಾವ, ಉಳಿದರೆ ಮಕ್ಕಳ ಬೂಟು.

ಅದರ ಕೆಳಗೆ ಕಾಗದಗಳು. ಲಕೋಟೆಯ ಮೂಲೆಯಲ್ಲಿ ಪ್ರತಿಯೊಂದಕ್ಕೂ ಕ್ರಮಸಂಖ್ಯೆ: 14, 15, 16. ಹಡಗಿಗೆ ಟಪಾಲು ಒಟ್ಟಿಗೆ ಬಂದು ಬೀಳುತ್ತಿತ್ತು, ಕೆಲವು ವಾರ ಒಂದೂ ಇಲ್ಲ, ಒಂದು ದಿನ ಒಂಬತ್ತು. ಯಾವುದನ್ನು ಮೊದಲು ಓದಬೇಕು ಎಂದು ತಿಳಿಯಲು ಈ ಉಪಾಯ. ಒಮ್ಮೆ ಗಂಡ ಇಪ್ಪತ್ತೊಂದನೆಯ ಕಾಗದವನ್ನು ಹತ್ತೊಂಬತ್ತಕ್ಕಿಂತ ಮೊದಲು ಒಡೆದು, ‘ಹೊಲಿಗೆ ಬಿಚ್ಚಿದರು, ಈಗ ಓಡಾಡುತ್ತಿದ್ದಾನೆ’ ಎಂಬ ಸಾಲು ಓದಿ ಎರಡು ದಿನ ಊಟ ಬಿಟ್ಟಿದ್ದರಂತೆ. ಮಗನಿಗೆ ಅಪೆಂಡಿಸೈಟಿಸ್ ಆಪರೇಷನ್ ಆಗಿತ್ತು. ಆ ರಾತ್ರಿ ಲೋಲಾರ ಬಳಿ ಕಾರಿತ್ತು, ಲೈಸೆನ್ಸ್ ಇರಲಿಲ್ಲ. ಮೊದಲ ಗೇರಿನಲ್ಲಿಯೇ ಆಸ್ಪತ್ರೆಯವರೆಗೆ ಓಡಿಸಿದೆ ಎನ್ನುತ್ತಾರೆ. ನೌಕಾಪಡೆಯ ಹೆಂಡತಿಯರಲ್ಲಿ ಒಂದು ನಗೆಮಾತಿದೆ: ಹಡಗು ಬಂದರು ದಾಟುವುದನ್ನೇ ಕಾಯುತ್ತಿದ್ದು ವಾಷಿಂಗ್ ಮೆಷಿನ್ ಕೆಡುತ್ತದೆ, ಮಗು ಬೀಳುತ್ತದೆ, ತಾರಸಿ ಸೋರುತ್ತದೆ.

ದುಡ್ಡು ಸಾಲದಾಗ ಪಲುವಾಗನ್. ಹತ್ತು ಹೆಂಗಸರು ತಿಂಗಳಿಗೆ ಇಂತಿಷ್ಟು ಹಾಕಿ, ಒಬ್ಬೊಬ್ಬರು ಸರದಿಯ ಮೇಲೆ ಇಡಿಯ ಗಂಟು ಎತ್ತಿಕೊಳ್ಳುವುದು. ನಮ್ಮ ಚೀಟಿಯೇ, ಆದರೆ ಹರಾಜು ಇಲ್ಲ, ಕಮಿಷನ್ ಇಲ್ಲ. ಲೋಲಾರ ಮೊದಲ ಮನೆಯ ಮುಂಗಡ ಕಟ್ಟಿದ್ದು ಈ ಗಂಟಿನಿಂದಲೇ. ಬ್ಯಾಂಕಿನವರು ಸಾಲ ಕೊಡುವಾಗ ‘ಗಂಡ ಎಲ್ಲಿ?’ ಎಂದರು, ‘ಹಿಂದೂ ಮಹಾಸಾಗರದಲ್ಲಿ’ ಎಂದು ಜಿಪಿಎ ಮುಂದಿಟ್ಟರು.

ಅವರಿಗೆ ಅತಿ ಕಷ್ಟದ ತಿಂಗಳು ಯಾವುದಾಗಿತ್ತು ಎಂದು ಕೇಳಿದೆ. ಹಡಗು ಹೊರಟ ತಿಂಗಳು ಎನ್ನುತ್ತಾರೆ ಅಂದುಕೊಂಡಿದ್ದೆ. ಗಂಡ ಮರಳಿ ಬಂದ ತಿಂಗಳು ಎಂದರು! ಆರು ತಿಂಗಳು ತಾನೇ ಹಾಕಿದ ಕಟ್ಟಳೆಗಳ ನಡುವೆ ಒಬ್ಬ ಗಂಡಸು ಬಂದು ಕೂತು, ಈ ಡಬ್ಬಿ ಇಲ್ಲೇಕೆ, ಹುಡುಗಿ ಇಷ್ಟು ಹೊತ್ತು ಎಲ್ಲಿ ಹೋಗಿದ್ದಳು ಎಂದು ವಿಚಾರಿಸಲು ಶುರು ಮಾಡುತ್ತಾನೆ. ಮಕ್ಕಳು ಅಪ್ಪನ ಮುಂದೆಯೇ ಅಮ್ಮನ ಕಡೆ ತಿರುಗಿ ‘ಹೋಗಲೇ?’ ಎಂದು ಕೇಳುತ್ತವೆ. ಅಪ್ಪನ ಮುಖ ಸಣ್ಣಗಾಗುತ್ತದೆ.

ಆಕೆ ಹೊರಗೆ ಕೆಲಸಕ್ಕೆ ಹೋಗುತ್ತಿರಲಿಲ್ಲವೇ?

ಹೋಗದೆ? ಶಿಕ್ಷಕಿಯ ಪ್ರಮಾಣಪತ್ರ ಇಲ್ಲಿ ನಡೆಯಲಿಲ್ಲ. ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿಯ ಆಯಾ ಕೆಲಸ ಹಿಡಿದರು. ಇಂಥ ಮನೆಗಳ ಎಷ್ಟೋ ಹೆಂಗಸರು ತರಬೇತಿ ಪಡೆದ ನರ್ಸ್‌ಗಳು. 1948ರಲ್ಲಿ ಶುರುವಾದ ವಿನಿಮಯ ಯೋಜನೆ ಮತ್ತು 1965ರ ಕಾನೂನು ಅವರನ್ನು ಸಾವಿರಗಟ್ಟಲೆ ಕರೆತಂದವು. ಲೈಸೆನ್ಸ್ ಪರೀಕ್ಷೆ ಪಾಸಾಗುವವರೆಗೆ ಅವರೂ ಆಯಾಗಳೇ. ಗಂಡ ಅಧಿಕಾರಿಗಳ ಹಾಸಿಗೆ ಸರಿಪಡಿಸಿದ, ಹೆಂಡತಿ ಮುದುಕರ ಹಾಸಿಗೆ ಬದಲಿಸಿದಳು. ಮಗಳು ಈಗ ಅದೇ ಊರಿನಲ್ಲಿ ಔಷಧಶಾಸ್ತ್ರ ಓದಿ ಅಂಗಡಿ ಇಟ್ಟಿದ್ದಾಳೆ.

ಫಿಲಿಪಿನೊ ಮನೆಗಳಲ್ಲಿ ಹೆಂಗಸರದೇ ರಾಜ್ಯಭಾರವೇ?

ಮಾತೃಪ್ರಧಾನ ಎನ್ನಲಾಗದು. ಗಂಡ ಸಂಬಳ ತಂದು ಹೆಂಡತಿಯ ಕೈಗೆ ಕೊಟ್ಟು, ಬಸ್ಸಿನ ಕಾಸಿಗೆ ಅವಳ ಕಡೆಯೇ ಕೈಚಾಚುವುದು ಅಲ್ಲಿನ ವಾಡಿಕೆ. ತಾಯಿಯನ್ನು ‘ಮನೆಯ ಬೆಳಕು’ ಎನ್ನುತ್ತಾರೆ, ತಂದೆಯನ್ನು ‘ಮನೆಯ ಕಂಬ’. ಕಂಬ ಏಳು ತಿಂಗಳು ಪೆಸಿಫಿಕ್ ಸಾಗರದ ನಡುವೆ ನಿಂತಿದ್ದರೆ ಮಾಡು ಹೊತ್ತವರು ಯಾರೆಂದು ಗಾದೆ ಕಟ್ಟಿದವರು ಯೋಚಿಸಿರಲಿಲ್ಲ. 1937ರಲ್ಲಿ ಮತದಾನದ ಹಕ್ಕಿಗಾಗಿ ಅಲ್ಲಿನ ಹೆಂಗಸರ ನಡುವೆಯೇ ಜನಮತಗಣನೆ ನಡೆಯಿತು. ಕನಿಷ್ಠ 3 ಲಕ್ಷ ಒಪ್ಪಿಗೆ ಬೇಕಿತ್ತು, 4 ಲಕ್ಷಕ್ಕೂ ಹೆಚ್ಚು ಬಂತು. ಇಬ್ಬರು ಹೆಂಗಸರು ಅಧ್ಯಕ್ಷರೂ ಆದರು. ಆದರೆ ವಿಚ್ಛೇದನದ ಕಾನೂನು ಮಾತ್ರ ಸಾಮಾನ್ಯ ಕ್ರೈಸ್ತ ಹೆಣ್ಣಿಗೆ ಇಂದಿಗೂ ಅಲ್ಲಿಲ್ಲ.

ಇಂಥ ಮನೆಯನ್ನು ಒಳಹೊಕ್ಕ ಕೂಡಲೇ ಗುರುತಿಸುವುದು ಹೇಗೆ?

ಊಟದ ಮೇಜಿನ ಹಿಂದಿನ ಗೋಡೆ ನೋಡಿ. ಆಳೆತ್ತರವಲ್ಲದಿದ್ದರೂ ತೋಳುದ್ದದ ಮರದ ಚಮಚ ಮತ್ತು ಮುಳ್ಳುಚಮಚ ಜೋಡಿಯಾಗಿ ನೇತಾಡುತ್ತಿರುತ್ತವೆ. ನಡುವೆ ಯೇಸುವಿನ ಕೊನೆಯ ಊಟದ ಚಿತ್ರ. ಮೂಲೆಯಲ್ಲಿ ಕೆಂಪು ನಿಲುವಂಗಿಯ ಬಾಲಯೇಸು. ಎದುರು ಗೋಡೆಯಲ್ಲಿ ಗಂಡ ದುಡಿದ ಹಡಗುಗಳ ಚಿತ್ರಗಳು, ಬಿಳಿ ಟೋಪಿಯ ಹುಡುಗನ ಕಪ್ಪುಬಿಳುಪು ಫೋಟೊ. ಸ್ನಾನದ ಮನೆಗೆ ಹೋದರೆ ಬಕೆಟ್ಟಿನ ಪಕ್ಕ ಹಿಡಿಯುಳ್ಳ ಪ್ಲಾಸ್ಟಿಕ್ ಮಗ್, ‘ತಾಬೊ’. ಇಡೀ ಬೀದಿಯಲ್ಲಿ ನೆಮ್ಮದಿಯಿಂದ ಶೌಚಕ್ಕೆ ಹೋಗಬಹುದಾದ ಮನೆ ಇವರದೊಂದೇ ಎಂದು ನಮ್ಮ ಮಾವ ಸಾರಿಬಿಟ್ಟರು.

ಅಡುಗೆಯ ಬಗ್ಗೆ ಹೇಳಿ.

ಅನ್ನ. ಉಳಿದದ್ದೆಲ್ಲ ಅನ್ನದ ಜೊತೆಗೆ. ಅಕ್ಕಿಯ ಮೇಲೆ ತೋರುಬೆರಳನ್ನು ನೆಟ್ಟಗೆ ನಿಲ್ಲಿಸಿ ಮೊದಲ ಗೆಣ್ಣಿನವರೆಗೆ ನೀರು ಹಾಕುತ್ತಾರೆ, ನಮ್ಮಜ್ಜಿ ಹಾಕುತ್ತಿದ್ದ ಹಾಗೆ. ನಾವು ಸಸ್ಯಾಹಾರಿಗಳು ಎಂದು ಹೇಳಿದಾಗ ‘ಹಾಗಾದರೆ ಕೋಳಿ ಮಾಡುತ್ತೇನೆ’ ಎಂದರು. ಅದು ತಮಾಷೆಯಲ್ಲ ಎಂದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ಈಗ ನಮಗಾಗಿ ಎಲೆಕೋಸು, ಕ್ಯಾರೆಟ್ ಹಾಕಿದ ಲುಂಪಿಯಾ ಎಂಬ ಸುರುಳಿಗಳನ್ನು ಬೇರೆ ಬಾಣಲೆಯಲ್ಲಿ ಕರಿಯುತ್ತಾರೆ. ಹುಟ್ಟುಹಬ್ಬಕ್ಕೆ ಪಾನ್ಸಿಟ್ ಎಂಬ ಶಾವಿಗೆ ಆಗಲೇಬೇಕು, ಎಳೆ ಕತ್ತರಿಸಬಾರದು, ಆಯುಸ್ಸು ಉದ್ದವಾಗಲಿ ಎಂದು. ಪರಂಗಿಕಾಯಿ ತುರಿದು ವಿನಿಗರಿನಲ್ಲಿ ನೆನೆಸಿದ ಉಪ್ಪಿನಕಾಯಿಗೆ ‘ಅಚಾರ’ ಎಂದೇ ಹೆಸರು.

ಅರವತ್ತು ಎಪ್ಪತ್ತರ ದಶಕದಲ್ಲಿ ಈ ಊರಿನಲ್ಲಿ ಮೀನಿನ ಸಾಸ್ ಸಿಗುವುದೇ ಕಷ್ಟವಾಗಿತ್ತಂತೆ. ಸೂಬಿಕ್‌ನಿಂದ ಬರುವ ಹಡಗಿನ ಹುಡುಗರು ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದರು. 1989ರಲ್ಲಿ ನ್ಯಾಷನಲ್ ಸಿಟಿಯಲ್ಲಿಯೇ ಫಿಲಿಪಿನೊ ದಿನಸಿಯ ದೊಡ್ಡ ಅಂಗಡಿ ಸೀಫುಡ್ ಸಿಟಿ ಶುರುವಾದಾಗ ಲೋಲಾ ಮೊದಲ ವಾರ ನಾಲ್ಕು ಸಲ ಹೋಗಿ ಬಂದರು, ಎರಡು ಸಲ ಏನೂ ಕೊಳ್ಳದೆ.

ಊರೂರು ವರ್ಗಾವಣೆಯ ಕಥೆ?

ಸ್ಯಾನ್ ಡಿಯಾಗೋ, ವಲೇಹೊ, ನಾರ್ಫೋಕ್, ಮತ್ತೆ ಸ್ಯಾನ್ ಡಿಯಾಗೋ. ಹಡಗುಕಟ್ಟೆ ಇರುವಲ್ಲೆಲ್ಲ ಫಿಲಿಪಿನೊ ಕೇರಿ ಬೆಳೆಯಿತು ಎಂಬುದು ನಕ್ಷೆ ನೋಡಿದರೆ ತಿಳಿಯುತ್ತದೆ. ಹೊಸ ಊರಿಗೆ ಹೋದ ಮೊದಲ ಭಾನುವಾರ ಚರ್ಚು, ಎರಡನೆಯ ಭಾನುವಾರದ ಹೊತ್ತಿಗೆ ‘ಕುಮಾರೆ’ ಸಿಕ್ಕಿರುತ್ತಾಳೆ. ಮಗುವಿನ ದೀಕ್ಷಾಸ್ನಾನಕ್ಕೆ ಧರ್ಮತಾಯಿಯಾಗಿ ನಿಂತವಳು ಮಗುವಿನ ತಾಯಿಗೆ ಆಗುವ ಸಂಬಂಧ ಅದು. ನಮ್ಮಲ್ಲಿ ಬೀಗಿತಿ ಇದ್ದಂತೆ, ಆದರೆ ಜಗಳವಿಲ್ಲದೆ. ರಾತ್ರಿ ಪಾಳಿಗೆ ಹೋಗುವಾಗ ಮಕ್ಕಳನ್ನು ಮಲಗಿಸಲು ಇವಳೇ ದಿಕ್ಕು.

ಮೂಲೆಯಲ್ಲಿ ಸದಾ ಬಾಯಿ ತೆರೆದಿರುವ ದೊಡ್ಡ ರಟ್ಟಿನ ಪೆಟ್ಟಿಗೆ ಏನು?

ಬಾಲಿಕ್‌ಬಾಯನ್ ಪೆಟ್ಟಿಗೆ. ‘ಊರಿಗೆ ಮರಳುವವನು’ ಎಂದು ಆ ಮಾತಿನ ಅರ್ಥ. ತಿಂಗಳುಗಟ್ಟಲೆ ತುಂಬುತ್ತಾರೆ: ಡಬ್ಬಿ ಮಾಂಸ, ಸೋಪು, ಟವೆಲು, ಚಾಕಲೇಟು, ವಿಟಮಿನ್ ಮಾತ್ರೆ, ಯಾರದೋ ಅಳತೆಯ ಬೂಟು. ಬೂಟಿನೊಳಗೆ ಖಾಲಿ ಜಾಗ ಬಿಡುವಂತಿಲ್ಲ, ಕಾಲುಚೀಲ ತುರುಕಬೇಕು, ಅದರೊಳಗೆ ಲಿಪ್‌ಸ್ಟಿಕ್. ತೂಕಕ್ಕೆ ದುಡ್ಡಿಲ್ಲ, ಪೆಟ್ಟಿಗೆಗೆ ಇಷ್ಟು ಎಂದು ದರ. ಹಡಗಿನಲ್ಲಿ ತಲುಪಲು ತಿಂಗಳು ಎರಡು ತಿಂಗಳು. ಲೋಲಾ ಪೆಟ್ಟಿಗೆಯ ಮೇಲೆ ಕೂತು ಅದುಮಿ, ನನ್ನನ್ನು ಟೇಪ್ ಸುತ್ತಲು ಕರೆಯುತ್ತಾರೆ. ಹನ್ನೊಂದು ವರ್ಷದಲ್ಲಿ ನಾನು ಇದರಲ್ಲಿ ಪಳಗಿದ್ದೇನೆ.

ಇಷ್ಟೊಂದು ನೆಂಟರು ಹೇಗೆ ಬಂದರು?

ಪೆಟಿಷನ್, ಎಂದರೆ ನೆಂಟರನ್ನು ಕರೆಸಿಕೊಳ್ಳಲು ಹಾಕುವ ವಲಸೆ ಅರ್ಜಿ. ಪೌರತ್ವ ಬಂದ ಮೇಲೆ ಹೆತ್ತವರನ್ನು ಕರೆಸಿಕೊಳ್ಳಲು ಸಂಖ್ಯೆಯ ಮಿತಿಯಿಲ್ಲ. ಅಣ್ಣತಮ್ಮ ಅಕ್ಕತಂಗಿಯರಿಗೆ ಸರದಿ ಇದೆ, ಫಿಲಿಪ್ಪೀನ್ಸ್‌ನವರಿಗೆ ಆ ಸರದಿ ಇಪ್ಪತ್ತು ವರ್ಷಕ್ಕೂ ಉದ್ದ. ಲೋಲಾ ಸಲ್ಲಿಸಿದ ಅರ್ಜಿಯ ಮೇಲೆ ಅವರ ತಂಗಿ ಬಂದಿಳಿದಾಗ ತಲೆಕೂದಲು ಬೆಳ್ಳಗಾಗಿತ್ತು. ಅರ್ಜಿಯಲ್ಲಿದ್ದ ಮಕ್ಕಳು ಇಪ್ಪತ್ತೊಂದು ದಾಟಿ ಪಟ್ಟಿಯಿಂದ ಬಿದ್ದುಹೋಗಿದ್ದರು. ಮನೆಯ ಯಜಮಾನಿಕೆ ಎಂದರೆ ಅಡುಗೆಮನೆಯ ಸೌಟು ಮಾತ್ರವಲ್ಲ: ಯಾರಿಗೆ ಮೊದಲು ಪೆಟಿಷನ್, ಯಾರಿಗೆ ಆಮೇಲೆ ಎಂದು ತೀರ್ಮಾನಿಸಿದವರೂ ಅವರೇ. ಆ ಸಿಟ್ಟು ಕೆಲವು ನೆಂಟರಲ್ಲಿ ಇಂದಿಗೂ ಆರಿಲ್ಲ.

ಮೊಮ್ಮಕ್ಕಳಿಗೆ ತಗಾಲೋಗ್ ಬರುವುದಿಲ್ಲವೇಕೆ?

ಮಕ್ಕಳಿಗೇ ಬರುವುದಿಲ್ಲ. ಉಚ್ಚಾರಣೆ ಕೆಟ್ಟರೆ ಶಾಲೆಯಲ್ಲಿ ನಗುತ್ತಾರೆ ಎಂದು ಆ ತಲೆಮಾರು ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿತು. ‘ಬೈಗುಳ ಮಾತ್ರ ಕಲಿಸಿದೆ’ ಎಂದು ಲೋಲಾ ನಗುತ್ತಾರೆ. ಅಮೆರಿಕದ ಕನ್ನಡಿಗರು ಈ ಉತ್ತರವನ್ನು ಎರಡು ಸಲ ಓದಬಹುದು.

ನಮ್ಮ ಕಡೆಗೂ ಅವರ ಕಡೆಗೂ ಏನಾದರೂ ನಂಟಿದೆಯೇ?

ಸಂಸ್ಕೃತ ಸಮುದ್ರ ದಾಟಿ ಹೋಗಿದೆ. ತಗಾಲೋಗಿನಲ್ಲಿ ಮುಖಕ್ಕೆ ‘ಮುಖಾ’, ಗುರುವಿಗೆ ‘ಗುರೊ’, ದೇವತೆಗೆ ‘ದಿವಾತಾ’. ಅವರ ರಾಷ್ಟ್ರೀಯ ಹೂವು ‘ಸಂಪಗೀತಾ’ ಕೇಳಿ ಸಂಪಿಗೆ ಅಂದುಕೊಂಡಿದ್ದೆ. ನೋಡಿದರೆ ನಮ್ಮ ದುಂಡುಮಲ್ಲಿಗೆ. ಲೋಲಾರ ಹಿತ್ತಲಿನ ಕುಂಡದಿಂದ ವಾರಕ್ಕೊಂದು ಹಿಡಿ ನಮ್ಮ ದೇವರಿಗೆ ಬರುತ್ತದೆ, ಉಳಿದದ್ದು ಅವರ ಬಾಲಯೇಸುವಿಗೆ.

1991ರಲ್ಲಿ ಏನಾಯಿತು? ಎಲ್ಲರೂ ಆ ವರ್ಷದ ಮಾತೆತ್ತುತ್ತಾರೆ.

ಜೂನ್ 15ರಂದು ಪಿನಾಟುಬೊ ಜ್ವಾಲಾಮುಖಿ ಸಿಡಿಯಿತು, ಅದೇ ದಿನ ಚಂಡಮಾರುತವೂ ಬಂತು. ಕ್ಲಾರ್ಕ್ ನೆಲೆ ಬೂದಿಯಲ್ಲಿ ಹೂತುಹೋಯಿತು. ಸೆಪ್ಟೆಂಬರ್ 16ರಂದು ಫಿಲಿಪ್ಪೀನ್ಸ್ ಸೆನೆಟ್ ನೆಲೆಗಳ ಹೊಸ ಒಪ್ಪಂದವನ್ನು 12–11 ಮತಗಳಿಂದ ತಳ್ಳಿಹಾಕಿತು. 1992ರ ನವೆಂಬರ್ 24ರಂದು ಅಮೆರಿಕದವರು ಸೂಬಿಕ್ ಬಿಟ್ಟರು, ಅಲ್ಲಿಗೆ ಭರ್ತಿಯ ಬಾಗಿಲೂ ಮುಚ್ಚಿತು. ‘ಒಳ್ಳೆಯದಾಯಿತು’ ಎಂದರಂತೆ ಲೋಲಾರ ಗಂಡ. ಲೋಲಾ ಆ ವಾರವೆಲ್ಲ ತಮ್ಮನ ಮಗನಿಗೆ ಬೇರೆ ದಾರಿ ಯಾವುದು ಎಂದು ಯೋಚಿಸುತ್ತಿದ್ದರು.

ಅಮೆರಿಕ ಫಿಲಿಪಿನೊ ಯೋಧರಿಗೆ ಮೋಸ ಮಾಡಿತು ಎನ್ನುತ್ತಾರಲ್ಲ?

ಅದು ಇನ್ನೂ ಹಿಂದಿನ ತಲೆಮಾರಿನದು. ಮಹಾಯುದ್ಧದಲ್ಲಿ ಅಮೆರಿಕದ ಬಾವುಟದಡಿ ಎರಡೂವರೆ ಲಕ್ಷಕ್ಕೂ ಹೆಚ್ಚು ಫಿಲಿಪಿನೊ ಜನ ಹೋರಾಡಿದರು. 1946ರ ಫೆಬ್ರುವರಿಯಲ್ಲಿ ಬಂದ ಕಾನೂನು ಅವರಲ್ಲಿ ಹೆಚ್ಚಿನವರ ಸೇವೆಯನ್ನು ಸೌಲಭ್ಯಗಳ ಮಟ್ಟಿಗೆ ಸೇನಾಸೇವೆಯೇ ಅಲ್ಲ ಎಂದಿತು. 2009ರಲ್ಲಿ ಒಂದೇ ಗಂಟಿನ ಪರಿಹಾರ ಬಂತು: ಅಮೆರಿಕದ ಪೌರರಿಗೆ 15,000 ಡಾಲರ್, ಉಳಿದವರಿಗೆ 9,000. ಅಷ್ಟರಲ್ಲಿ ಬಹುಪಾಲು ಜನ ತೀರಿಕೊಂಡಿದ್ದರು. ಅರ್ಜಿ ಹಾಕದೆ ಸತ್ತವರ ವಿಧವೆಯರಿಗೆ ಏನೂ ಇಲ್ಲ. ಲೋಲಾರ ತಾಯಿ ಆ ಸಾಲಿಗೆ ಸೇರಿದವರು.

ಗಂಡ ಹೋದ ಮೇಲೆ ಲೋಲಾರಿಗೆ ಏನು ಸಿಗುತ್ತದೆ?

ಇಪ್ಪತ್ತು ವರ್ಷ ಪೂರೈಸಿದವರಿಗೆ ಆಗ ಮೂಲ ವೇತನದ ಅರ್ಧದಷ್ಟು ಪಿಂಚಣಿ. ಅದು ಗಂಡನ ಉಸಿರಿನ ಜೊತೆಗೇ ನಿಲ್ಲುತ್ತದೆ. 1972ರಲ್ಲಿ ಬಂದ ಯೋಜನೆಯಂತೆ ಬದುಕಿರುವಾಗ ಪ್ರತಿ ತಿಂಗಳು ಸ್ವಲ್ಪ ಕಟ್ಟಿದ್ದರೆ ವಿಧವೆಗೆ ನಮೂದಿಸಿದ ಮೊತ್ತದ ಶೇ 55ರಷ್ಟು ಬರುತ್ತದೆ. ಗಂಡ ಬೇಡವೆಂದಿದ್ದರಂತೆ, ತಿಂಗಳ ಖರ್ಚು ಹೆಚ್ಚುತ್ತದೆ ಎಂದು. ಗಣಿತದ ಮೇಷ್ಟರು ಲೆಕ್ಕ ಹಾಕಿ ತೋರಿಸಿ ಸಹಿ ಹಾಕಿಸಿದರು. ಕ್ಯಾಂಟೀನು, ಆಸ್ಪತ್ರೆ ಸೌಲಭ್ಯ ಈಗಲೂ ಇದೆ, ಅದೇ ನಾಲ್ಕು ಅಂಕಿಗಳ ಮೇಲೆ.

ಅವರ ಗಂಡನನ್ನು ಎಲ್ಲಿ ಮಣ್ಣು ಮಾಡಿದ್ದಾರೆ? ಊರಿಗೆ ಒಯ್ಯಲಿಲ್ಲವೇ?

ಪಾಯಿಂಟ್ ಲೋಮಾ ಗುಡ್ಡದ ಮೇಲಿನ ಫೋರ್ಟ್ ರೋಸ್‌ಕ್ರಾನ್ಸ್ ರಾಷ್ಟ್ರೀಯ ಸ್ಮಶಾನದಲ್ಲಿ. ಒಂದು ಇಳಿಜಾರಿನಲ್ಲಿ ಪೆಸಿಫಿಕ್ ಸಾಗರ, ಇನ್ನೊಂದರಲ್ಲಿ ಹಡಗುಗಳು ನಿಂತ ಕೊಲ್ಲಿ. ಒಂದೇ ಅಳತೆಯ ಬಿಳಿಯ ಕಲ್ಲುಗಳು ಸಾಲುಸಾಲಾಗಿ, ಅಡ್ಡಡ್ಡ ನೋಡಿದರೂ ಮೂಲೆಯಿಂದ ನೋಡಿದರೂ ನೇರ. ಹೆಂಡತಿಗೂ ಅದೇ ಗುಂಡಿಯಲ್ಲಿ ಜಾಗ, ಅದಕ್ಕೆ ದುಡ್ಡಿಲ್ಲ. ಅವಳ ಹೆಸರನ್ನು ಅದೇ ಕಲ್ಲಿನ ಹಿಂಬದಿಯಲ್ಲಿ ಕೆತ್ತುತ್ತಾರೆ. ಸುತ್ತಲಿನ ಕಲ್ಲುಗಳ ಹಿಂದೆ ಹೋಗಿ ನೋಡಿದೆ: ಹೆಸರು, ತಾರೀಖು, ‘ಇಂಥವರ ಹೆಂಡತಿ’.

ಕಳೆದ ನವೆಂಬರಿನ ಸತ್ತವರ ಹಬ್ಬಕ್ಕೆ ಲೋಲಾರನ್ನು ನಾನೇ ಕಾರಿನಲ್ಲಿ ಕರೆದೊಯ್ದೆ. ಚೀಲದಿಂದ ನೀರಿನ ಬಾಟಲಿ, ಹಳೆಯ ಟವೆಲಿನ ತುಂಡು ತೆಗೆದರು. ಕಲ್ಲಿನ ಮುಂಭಾಗವನ್ನು ಒರೆಸಿ, ಅಕ್ಷರಗಳ ಸಂದಿಯಲ್ಲಿ ಕೂತ ಧೂಳನ್ನು ಉಗುರಿನಿಂದ ತೆಗೆದರು. ದುಂಡುಮಲ್ಲಿಗೆಯ ಸರ ಇಟ್ಟರು. ಆಮೇಲೆ ನನ್ನ ಭುಜ ಹಿಡಿದುಕೊಂಡು ಸುತ್ತಿ ಬಂದು, ಏನೂ ಬರೆಯದ ಹಿಂಬದಿಯನ್ನೂ ಅಷ್ಟೇ ಹೊತ್ತು ಒರೆಸಿದರು. ಇಲ್ಲಿ ಏನೂ ಇಲ್ಲವಲ್ಲ ಲೋಲಾ ಎಂದೆ.

‘ಬರೆಯುವವರು ಬಂದಾಗ ಮನೆ ಗಲೀಜಾಗಿದೆ ಅನ್ನಬಾರದು’ ಎಂದರು.